ಸಿಟ್ಟಿಗೆ ಮದ್ದು ಹುಡುಕಿದವರು

ಯಾರಾದರೂ ಸಿಟ್ಟಿನಿಂದ ಕೂಗಾಡಿದರೆ ನಮ್ಮ ಹಿರಿಯರು ‘ಪಿತ್ತ ನೆತ್ತಿಗೇರಿತು’ ಎನ್ನುತ್ತಿದ್ದರು. ಇದನ್ನು ಬರಿಯ ಅಲಂಕಾರದ ಮಾತೆಂದು ತಿಳಿಯಬೇಡಿ. ವಾತ, ಪಿತ್ತ, ಕಫಗಳ ಏರುಪೇರಿನಿಂದಲೇ ದೇಹದ ಬಾಧೆಗಳೂ ಮನಸ್ಸಿನ ಬಾಧೆಗಳೂ ಹುಟ್ಟುತ್ತವೆಂದು ನಂಬಿದ್ದ ಹಳೆಯ ವೈದ್ಯದ ನೆನಪು ಆ ಮಾತಿನಲ್ಲಿ ಉಳಿದುಕೊಂಡಿದೆ. ನಮ್ಮ ತಾತನವರು ಹಜಾರದಲ್ಲಿ ನಿಂತು ಗರ್ಜಿಸತೊಡಗಿದರೆ ಅಜ್ಜಿ ಮರುಮಾತಾಡದೆ ಒಂದು ಲೋಟ ನೀರುಮಜ್ಜಿಗೆ ತಂದು ಅವರ ಮುಂದಿಟ್ಟು ಒಳಗೆ ಹೋಗಿಬಿಡುತ್ತಿದ್ದರು. ಮಜ್ಜಿಗೆ ಪಿತ್ತವನ್ನು ಇಳಿಸುತ್ತಿತ್ತೋ, ಲೋಟವನ್ನೆತ್ತಿ ಕುಡಿದು ಕೆಳಗಿಡುವಷ್ಟು ಹೊತ್ತು ಬಾಯಿ ಸುಮ್ಮನಿರಬೇಕಾದುದೇ ಮದ್ದಾಗುತ್ತಿತ್ತೋ, ನಾನು ವೈದ್ಯನಲ್ಲ, ಹೇಳಲಾರೆ. ಆದರೆ ಸಿಟ್ಟಿನ ಚರಿತ್ರೆಯನ್ನು ಓದತೊಡಗಿದ ಮೇಲೆ ಅಜ್ಜಿಯ ಲೋಟದ ಮೇಲೆ ನನಗೆ ಗೌರವ ಹೆಚ್ಚಿದೆ.

ಸಿಟ್ಟಿಗೂ ಒಂದು ಚರಿತ್ರೆಯೆ ಎಂದು ನೀವು ಕೇಳಬಹುದು. ಸಿಟ್ಟು ಎಲ್ಲ ಕಾಲದಲ್ಲಿಯೂ ಒಂದೇ ಇರಬಹುದು. ಅದನ್ನು ಏನು ಮಾಡಬೇಕೆಂಬ ವಿಚಾರ ಮಾತ್ರ ಒಂದೇ ಆಗಿಲ್ಲ. ತಡೆಯಬೇಕೆಂಬವರು ಒಂದು ಪಕ್ಷ, ಹೊರಹಾಕಬೇಕೆಂಬವರು ಇನ್ನೊಂದು ಪಕ್ಷ. ಈ ವ್ಯಾಜ್ಯ ಎರಡು ಸಾವಿರ ವರ್ಷಗಳಷ್ಟು ಹಳೆಯದು, ಮತ್ತು ಅದರ ತೀರ್ಪಿನ ಮೇಲೆ ನಮ್ಮ ನಿಮ್ಮ ಮನೆಗಳ ಹೆಂಗಸರ, ಮಕ್ಕಳ ನೆಮ್ಮದಿ ನಿಂತಿದೆ.

ಮೊದಲು ನಮ್ಮ ಚರಕ ಸಂಹಿತೆಯನ್ನೇ ನೋಡಿ. ಅದರ ಸೂತ್ರಸ್ಥಾನದಲ್ಲಿ ‘ವೇಗ’ಗಳ ವಿಚಾರವಿದೆ. ವೇಗವೆಂದರೆ ಒಳಗಿನಿಂದ ಒತ್ತಿಬರುವ ಒತ್ತಡ. ಹಸಿವು, ಬಾಯಾರಿಕೆ, ನಿದ್ರೆ, ಸೀನು, ಆಕಳಿಕೆ ಮೊದಲಾದ ೧೩ ವೇಗಗಳನ್ನು ತಡೆಯಬಾರದು, ತಡೆದರೆ ರೋಗ ಬರುತ್ತದೆ ಎಂದು ಅದು ಹೇಳುತ್ತದೆ. ಕಣ್ಣೀರೂ ಆ ೧೩ರಲ್ಲಿ ಒಂದು. ಅಳು ಬಂದರೆ ಅತ್ತುಬಿಡಬೇಕು. ಆದರೆ ಕ್ರೋಧ ಆ ಪಟ್ಟಿಯಲ್ಲಿಲ್ಲ. ಲೋಭ, ಶೋಕ, ಭಯಗಳ ಜೊತೆಗೆ ಅದನ್ನು ಇನ್ನೊಂದು ಪಟ್ಟಿಯಲ್ಲಿ, ತಡೆಯಲೇಬೇಕಾದ ವೇಗಗಳ ಸಾಲಿನಲ್ಲಿ ಇಟ್ಟಿದೆ. ಸೀನನ್ನೂ ಸಿಟ್ಟನ್ನೂ ಬೇರೆ ಬೇರೆ ಇಟ್ಟ ಈ ವಿವೇಕವನ್ನು ದಯಮಾಡಿ ನೆನಪಿನಲ್ಲಿಡಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯೂರೋಪಿನ ಪಂಡಿತರು ಇವೆರಡನ್ನೂ ಒಂದೇ ಪಾತ್ರೆಗೆ ಸುರಿದರು.

ಅದಕ್ಕೆ ಮುನ್ನ ರೋಮಿಗೆ ಹೋಗಿಬರೋಣ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಸೆನೆಕಾ ಎಂಬ ತತ್ತ್ವಜ್ಞಾನಿ ತನ್ನ ಅಣ್ಣ ನೊವಾಟಸ್‌ನನ್ನು ಉದ್ದೇಶಿಸಿ ಕೋಪದ ಮೇಲೆಯೇ ಮೂರು ಭಾಗಗಳ ಒಂದು ಗ್ರಂಥ ಬರೆದ. ಕೋಪವನ್ನು ಅವನು ಪುಸ್ತಕದಿಂದ ಕಲಿತವನಲ್ಲ. ಕಲಿಗುಲನಂಥ ಚಕ್ರವರ್ತಿಯ ಕಾಲದಲ್ಲಿ ಬದುಕಿ ಉಳಿದವನು. ಮುಂದೆ ತಾನೇ ಪಾಠ ಹೇಳಿದ ನೀರೋ ಚಕ್ರವರ್ತಿಯ ಅಪ್ಪಣೆಯಂತೆ ಕ್ರಿ.ಶ. ೬೫ರಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಬೇಕಾಗಿ ಬಂದವನು. ಯಜಮಾನನ ಸಿಟ್ಟೆಂದರೆ ಆಳಿನ ಸಾವು ಎನ್ನುವಂತಿದ್ದ ಕಾಲ ಅದು.

ಸೆನೆಕಾ ಹೇಳುವ ಒಂದು ಪ್ರಸಂಗ ಕೇಳಿ. ವೇದಿಯಸ್ ಪೋಲಿಯೋ ಎಂಬ ಸಿರಿವಂತನ ಮನೆಯಲ್ಲಿ ಅಗಸ್ಟಸ್ ಚಕ್ರವರ್ತಿಗೆ ಔತಣ. ಬಡಿಸುತ್ತಿದ್ದ ಗುಲಾಮ ಹುಡುಗನ ಕೈಜಾರಿ ಸ್ಫಟಿಕದ ಬಟ್ಟಲೊಂದು ಒಡೆಯಿತು. ಪೋಲಿಯೋ ತನ್ನ ಕೊಳದಲ್ಲಿ ಹಾವಿನಂಥ ದೊಡ್ಡ ಮೀನುಗಳನ್ನು ಸಾಕಿದ್ದ; ಹುಡುಗನನ್ನು ಅವುಗಳಿಗೆ ಹಾಕಿರೆಂದು ಅಬ್ಬರಿಸಿದ. ಹುಡುಗ ಹಿಡಿದವರ ಕೈಯಿಂದ ತಪ್ಪಿಸಿಕೊಂಡು ಚಕ್ರವರ್ತಿಯ ಕಾಲಿಗೆ ಬಿದ್ದ. ಅವನು ಬೇಡಿದ್ದು ಜೀವವನ್ನಲ್ಲ. ಬೇರೆ ಯಾವ ರೀತಿಯಲ್ಲಿ ಬೇಕಾದರೂ ಸಾಯುತ್ತೇನೆ, ಮೀನಿನ ಬಾಯಿಗೆ ಮಾತ್ರ ಬೇಡ ಎಂದಷ್ಟೇ. ಅಗಸ್ಟಸ್ ಹುಡುಗನನ್ನು ಬಿಡಿಸಿದ. ಆಮೇಲೆ ಆ ಮನೆಯ ಸ್ಫಟಿಕದ ಪಾತ್ರೆಗಳನ್ನೆಲ್ಲ ತನ್ನ ಕಣ್ಣಮುಂದೆ ತರಿಸಿ ಒಡೆಸಿದ, ಕೊಳವನ್ನು ಮುಚ್ಚಿಸಿದ. ಕೋಪವನ್ನು ಹೀಗೆ ಗದರಿಸಿ ನಿಲ್ಲಿಸಲು ಚಕ್ರವರ್ತಿಯೇ ಬೇಕು. ಎಲ್ಲರ ಮನೆಗೂ ಅಗಸ್ಟಸ್ ಊಟಕ್ಕೆ ಬರುವುದಿಲ್ಲವಲ್ಲ!

ಆದುದರಿಂದ ಸೆನೆಕಾ ಸಾಮಾನ್ಯರಿಗೆ ಬೇರೆ ಉಪಾಯಗಳನ್ನು ಹೇಳಿದ. ಎಲ್ಲಕ್ಕಿಂತ ದೊಡ್ಡ ಮದ್ದು ತಡಮಾಡುವುದು. ಇನ್ನೊಂದು, ಸಿಟ್ಟಿನ ಹೊತ್ತಿನಲ್ಲಿ ಕನ್ನಡಿ ನೋಡಿಕೊಳ್ಳುವುದು. ಮೂರನೆಯದು ಅವನ ಸ್ವಂತ ಅಭ್ಯಾಸ: ರಾತ್ರಿ ದೀಪ ಒಯ್ದ ಮೇಲೆ, ಗಂಡನ ರೂಢಿ ಬಲ್ಲ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಆ ದಿನ ತಾನು ಆಡಿದ್ದು ಮಾಡಿದ್ದನ್ನೆಲ್ಲ ಒಂದೊಂದಾಗಿ ತಾನೇ ವಿಚಾರಣೆ ಮಾಡಿಕೊಳ್ಳುತ್ತಿದ್ದ. ತನ್ನ ಮನಸ್ಸಿನ ಕಟಕಟೆಯಲ್ಲಿ ತಾನೇ ನ್ಯಾಯಾಧೀಶ, ತಾನೇ ಆಪಾದಿತ.

ಸುಮಾರು ನೂರು ವರ್ಷಗಳ ತರುವಾಯ ರೋಮಿನಲ್ಲಿ ಹೆಸರು ಮಾಡಿದ ವೈದ್ಯ ಗೇಲನ್ ಈ ದಾರಿಯನ್ನು ಮುಂದುವರಿಸಿದ. ಅವನ ತಂದೆ ಬಹು ಶಾಂತ ಸ್ವಭಾವದವನು. ತಾಯಿಯೋ, ಸಿಟ್ಟು ಬಂದರೆ ದಾಸಿಯರನ್ನು ಕಚ್ಚುತ್ತಿದ್ದಳಂತೆ! ಇಬ್ಬರನ್ನೂ ನೋಡಿ ಬೆಳೆದು ತಾನು ಯಾರಂತಾಗಬೇಕೆಂದು ನಿಶ್ಚಯಿಸಿಕೊಂಡೆನೆಂದು ಆತ ಬರೆದಿದ್ದಾನೆ. ಹೇಡ್ರಿಯನ್ ಚಕ್ರವರ್ತಿಯ ಕಥೆಯನ್ನೂ ಅವನೇ ಹೇಳುತ್ತಾನೆ. ಚಕ್ರವರ್ತಿ ಸಿಟ್ಟಿನಲ್ಲಿ ಕೈಯಲ್ಲಿದ್ದ ಲೇಖನಿಯಿಂದ ಊಳಿಗದವನೊಬ್ಬನ ಕಣ್ಣಿಗೆ ತಿವಿದ; ಕಣ್ಣು ಹೋಯಿತು. ಪಶ್ಚಾತ್ತಾಪಪಟ್ಟು ಅವನನ್ನು ಕರೆಸಿ, ಬೇಕಾದುದನ್ನು ಕೇಳು, ಕೊಡುತ್ತೇನೆ ಎಂದ. ಆಳು ಸುಮ್ಮನೆ ನಿಂತ. ಮತ್ತೆ ಮತ್ತೆ ಕೇಳಿದಾಗ, ತನಗೆ ಬೇರೇನೂ ಬೇಡ, ತನ್ನ ಕಣ್ಣು ಬೇಕು ಎಂದ.

ಗೇಲನ್ ಕೊಟ್ಟ ಸಲಹೆ ಸೆನೆಕಾನಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯಾರಿಗೂ ತನ್ನ ತಪ್ಪು ತನಗೆ ಪೂರ್ತಿ ಕಾಣದು. ಆದುದರಿಂದ ಮುಖಸ್ತುತಿ ಮಾಡದ, ನೇರವಾಗಿ ನುಡಿಯುವ ಒಬ್ಬ ಸಜ್ಜನನನ್ನು ಹುಡುಕಿ, ನನ್ನಲ್ಲಿ ಸಿಟ್ಟು ಕಂಡಾಗಲೆಲ್ಲ ಹೇಳು ಎಂದು ಅವನನ್ನು ಬೇಡಿಕೊ, ಅವನು ಹೇಳಿದಾಗ ಮುನಿಯಬೇಡ ಎಂದನು. ದುಡ್ಡು ತೆಗೆದುಕೊಂಡು ಗಂಟೆ ಲೆಕ್ಕದಲ್ಲಿ ನಮ್ಮ ಮಾತು ಕೇಳುವ ಇಂದಿನ ಚಿಕಿತ್ಸಕನ ಮುತ್ತಜ್ಜ ಈ ಸಜ್ಜನನೇ ಇರಬೇಕು.

ಈಗ ಒಮ್ಮೆಲೇ ವಿಯೆನ್ನಾ ನಗರಕ್ಕೆ ಬನ್ನಿ. ಯೋಸೆಫ್ ಬ್ರಾಯರ್ ಎಂಬ ವೈದ್ಯ ೧೮೮೦ರಿಂದ ೧೮೮೨ರವರೆಗೆ ಒಬ್ಬ ತರುಣಿಗೆ ಚಿಕಿತ್ಸೆ ಮಾಡಿದ. ವೈದ್ಯಗ್ರಂಥಗಳಲ್ಲಿ ಆಕೆಯನ್ನು ಆನಾ ಓ. ಎಂದು ಕರೆದಿದೆ. ಮನಸ್ಸಿನಲ್ಲಿ ಹುದುಗಿದ್ದುದನ್ನು ಮಾತಿನಲ್ಲಿ ಹೊರಹಾಕಿದಾಗ ಆಕೆಗೆ ಹಗುರವಾಗುತ್ತಿತ್ತು. ಆಕೆಯೇ ಅದನ್ನು ತಮಾಷೆಗೆ ಚಿಮಣಿ ಗುಡಿಸುವ ಕೆಲಸವೆಂದು ಕರೆದಳು. ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಇಬ್ಬರೂ ಸೇರಿ ೧೮೯೫ರಲ್ಲಿ ಹೊರತಂದ ಪುಸ್ತಕದಲ್ಲಿ, ತೀರಿಸಿಕೊಂಡ ಅವಮಾನ ಮಾಸಿಹೋಗುತ್ತದೆ, ನುಂಗಿಕೊಂಡ ಅವಮಾನ ಒಳಗೇ ಕೊಳೆತು ಬಾಧಿಸುತ್ತದೆ ಎಂಬ ವಾದ ಮಂಡಿತವಾಯಿತು. ಈ ಹೊರಹಾಕುವಿಕೆಗೆ ಅವರು ಗ್ರೀಕರ ‘ಕೆಥಾರ್ಸಿಸ್’ ಎಂಬ ಶಬ್ದವನ್ನು ಎರವಲು ತಂದರು; ಶುದ್ಧಿ ಎಂದು ಅದರ ಅರ್ಥ. ಫ್ರಾಯ್ಡ್ ಕೆಲವೇ ವರ್ಷಗಳಲ್ಲಿ ಈ ಕ್ರಮವನ್ನು ಕೈಬಿಟ್ಟು ಬೇರೆ ದಾರಿ ಹಿಡಿದ. ಆದರೆ ಗುರು ಬಿಟ್ಟದ್ದನ್ನು ಲೋಕ ಬಿಡಲಿಲ್ಲ. ಉಗಿಯಂತ್ರಗಳ ಕಾಲ ಅದು. ಮನಸ್ಸೂ ಒಂದು ಬಾಯ್ಲರು, ಸಿಟ್ಟು ಅದರೊಳಗಿನ ಉಗಿ, ಹೊರಬಿಡದಿದ್ದರೆ ಸಿಡಿಯುತ್ತದೆ ಎಂಬ ಚಿತ್ರ ಜನರ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿತು. ನಮ್ಮ ಅಡಿಗೆಮನೆಗೆ ಕುಕ್ಕರು ಬಂದ ಮೇಲೆ ನಾವೂ ಹಾಗೆಯೇ ಮಾತನಾಡತೊಡಗಿದ್ದೇವೆ.

ಅಮೆರಿಕದಲ್ಲಿ ೧೯೬೦–೭೦ರ ಸುಮಾರಿಗೆ ಈ ಚಿತ್ರ ಒಂದು ವ್ಯಾಪಾರವೇ ಆಯಿತು. ದಿಂಬು ಗುದ್ದುವುದು, ಕಿರಿಚುವುದು ಇವೆಲ್ಲ ಚಿಕಿತ್ಸೆಯೆನಿಸಿಕೊಂಡವು. ಆರ್ಥರ್ ಜಾನೋವ್ ಎಂಬುವನು ೧೯೭೦ರಲ್ಲಿ ಕಿರಿಚುವ ಚಿಕಿತ್ಸೆಯ ಮೇಲೆ ಪುಸ್ತಕ ಬರೆದ. ಅದೇ ವರ್ಷ ಪ್ರಸಿದ್ಧ ಗಾಯಕ ಜಾನ್ ಲೆನನ್ ಅವನಲ್ಲಿಗೆ ಹೋದ.

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಯ ಕಾಫಿಪುಡಿಯ ಡಬ್ಬಿಯ ಮೈ ಒಂದು ಕಡೆ ಸೊಟ್ಟಗಾಗಿದೆ. ಕೆಲಸದ ಕಡೆಯ ಯಾವುದೋ ಅವಮಾನವನ್ನು ಮನೆಯವರೆಗೂ ಹೊತ್ತು ತಂದು, ಒಂದು ಸಂಜೆ ಅದನ್ನು ಗೋಡೆಗೆ ಎಸೆದಿದ್ದೆ. ಒಂದು ಗಳಿಗೆ ಹಾಯೆನಿಸಿತು, ಸುಳ್ಳು ಹೇಳಲಾರೆ. ಹೊರಹಾಕಿದೆ, ಇನ್ನು ಮುಗಿಯಿತು ಎಂದುಕೊಂಡೆ. ಅರ್ಧ ಗಂಟೆಯೊಳಗೆ, ಲೆಕ್ಕ ಕೇಳಲು ಬಂದ ಮಗಳ ಮೇಲೆ ಹಿಂದೆಂದೂ ಕೂಗದಷ್ಟು ಕೂಗಿದೆ. ಅಂದಿನಿಂದ ಆಕೆ ಲೆಕ್ಕವನ್ನು ತಾಯಿಯ ಹತ್ತಿರವೇ ಕೇಳಿದಳು. ಹೊರಹೋದ ಸಿಟ್ಟು ಮತ್ತೆ ಎಲ್ಲಿಂದ ಬಂತು ಎಂಬುದು ನನಗೆ ಬಹಳ ಕಾಲ ಒಗಟಾಗಿತ್ತು.

ಒಗಟಿಗೆ ಉತ್ತರ ಪ್ರಯೋಗಶಾಲೆಗಳಲ್ಲಿ ದೊರೆಯಿತು. ಹಾರ್ವರ್ಡಿನ ವಾಲ್ಟರ್ ಕ್ಯಾನನ್ ೧೯೧೫ರಷ್ಟು ಹಿಂದೆಯೇ, ಭಯ ಮತ್ತು ರೋಷಗಳಲ್ಲಿ ದೇಹ ಹೇಗೆ ಬದಲಾಗುತ್ತದೆಂದು ಬರೆದಿದ್ದ. ಮೂತ್ರಪಿಂಡಗಳ ಮೇಲಿರುವ ಚಿಕ್ಕ ಗ್ರಂಥಿಗಳಿಂದ ಅಡ್ರಿನಲಿನ್ ರಸ ರಕ್ತಕ್ಕಿಳಿಯುತ್ತದೆ; ಎದೆ ಹೊಡೆದುಕೊಳ್ಳುತ್ತದೆ; ಯಕೃತ್ತಿನಿಂದ ಸಕ್ಕರೆ ಬಿಡುಗಡೆಯಾಗುತ್ತದೆ; ರಕ್ತ ಜಠರವನ್ನು ಬಿಟ್ಟು ತೋಳು ತೊಡೆಗಳ ಮಾಂಸಖಂಡಕ್ಕೆ ನುಗ್ಗುತ್ತದೆ. ಕಾದಾಡು, ಇಲ್ಲವೆ ಓಡು ಎಂಬ ಸಿದ್ಧತೆ ಇದು. ಆದರೆ ಕಚೇರಿಯ ಮೇಜಿನ ಮುಂದೆ ಕುಳಿತವನು ಕಾದಾಡುವಂತಿಲ್ಲ, ಓಡುವಂತಿಲ್ಲ. ಹೊತ್ತಿದ ಒಲೆ ತಾನಾಗಿ ಆರಲು ಹೊತ್ತು ಬೇಕು. ಅದರ ನಡುವೆ ಡಬ್ಬಿ ಎಸೆದರೆ, ದಿಂಬು ಗುದ್ದಿದರೆ, ಒಲೆಗೆ ಮತ್ತೊಂದು ಸೌದೆ ಇಟ್ಟಂತೆ.

ಇದು ನನ್ನ ಉಪಮೆ ಮಾತ್ರವಲ್ಲ. ೧೯೭೫ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಅಮೆರಿಕದ ವಿಮಾನೋದ್ಯಮದ ಕೆಲಸದಿಂದ ತೆಗೆದುಹಾಕಲ್ಪಟ್ಟವರ ಪೈಕಿ ಕೆಲವರನ್ನು ಕಂಪನಿಯ ತಪ್ಪುಗಳ ಬಗ್ಗೆ ಮನಸಾರೆ ಮಾತನಾಡಲು ಬಿಟ್ಟರು, ಕೆಲವರಿಗೆ ಬೇರೆ ಪ್ರಶ್ನೆ ಕೇಳಿದರು. ಕಂಪನಿಯನ್ನು ಬೈದವರ ಹಗೆ ಇಳಿಯಬೇಕಾಗಿತ್ತಷ್ಟೆ? ಅದು ಏರಿತು. ೨೦೦೨ರಲ್ಲಿ ಬ್ರಾಡ್ ಬುಷ್‌ಮನ್ ೬೦೦ ಮಂದಿ ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದ. ಅವರು ಬರೆದ ಪ್ರಬಂಧವನ್ನು ಬೇರೊಬ್ಬ ವಿದ್ಯಾರ್ಥಿ ಹೀನಾಯವಾಗಿ ಹಳಿದಿದ್ದಾನೆಂದು ಹೇಳಿ ಸಿಟ್ಟೆಬ್ಬಿಸಿದ. ಒಂದು ಗುಂಪು, ಹಳಿದವನನ್ನೇ ನೆನೆಯುತ್ತ ಗುದ್ದುವ ಚೀಲವನ್ನು ಗುದ್ದಿತು. ಇನ್ನೊಂದು, ದೇಹದಾರ್ಢ್ಯವನ್ನು ನೆನೆಯುತ್ತ ಗುದ್ದಿತು. ಮೂರನೆಯದು ಸುಮ್ಮನೆ ಕುಳಿತಿತು. ಆಮೇಲೆ ಎದುರಾಳಿಯ ಕಿವಿಗೆ ಕರ್ಕಶ ಶಬ್ದ ಬಿಡುವ ಅವಕಾಶ ಕೊಟ್ಟಾಗ ಎಲ್ಲರಿಗಿಂತ ಕ್ರೂರವಾಗಿ ನಡೆದುಕೊಂಡದ್ದು ಮೊದಲನೆಯ ಗುಂಪು, ಎಲ್ಲರಿಗಿಂತ ಸೌಮ್ಯವಾಗಿದ್ದದ್ದು ಸುಮ್ಮನೆ ಕುಳಿತ ಗುಂಪು. ೨೦೨೪ರಲ್ಲಿ ಇದೇ ಬುಷ್‌ಮನ್ ಮತ್ತು ಸೋಫಿ ಕ್ಯಾರ್ವಿಕ್ ೧೫೪ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಉಸಿರಾಟ, ಧ್ಯಾನ, ವಿಶ್ರಾಂತಿಗಳಂತೆ ದೇಹದ ಉದ್ರೇಕವನ್ನು ಇಳಿಸುವ ಅಭ್ಯಾಸಗಳು ಸಿಟ್ಟನ್ನು ಇಳಿಸಿದವು. ಓಟದಂತೆ ಉದ್ರೇಕವನ್ನು ಏರಿಸುವವು ಒಟ್ಟಿನಲ್ಲಿ ಇಳಿಸಲಿಲ್ಲ. ಚರಕನ ಎರಡು ಪಟ್ಟಿಗಳು ಈಗ ನೆನಪಿಗೆ ಬರುತ್ತವೆಯಲ್ಲವೆ?

ಹಾಗಾದರೆ ನುಂಗಿಕೊಂಡು ಕೂಡಬೇಕೆ? ಇಲ್ಲ. ಹೊರಹಾಕುವುದೂ ಅಲ್ಲದ, ನುಂಗುವುದೂ ಅಲ್ಲದ ಒಂದು ಮಾರ್ಗವನ್ನು ಕಟ್ಟಿದವನು ರೇಮಂಡ್ ನೊವಾಕೊ. ಅವನ ಪುಸ್ತಕ ಬಂದದ್ದು ೧೯೭೫ರಲ್ಲಿ. ಅದಕ್ಕೆ ಬೇಕಾದ ಸಾಮಗ್ರಿ ಮೊದಲೇ ಸಿದ್ಧವಿತ್ತು. ಎಡ್ಮಂಡ್ ಜೇಕಬ್‌ಸನ್ ೧೯೨೯ರಲ್ಲಿಯೇ ಮಾಂಸಖಂಡಗಳನ್ನು ಒಂದೊಂದಾಗಿ ಸಡಿಲಿಸುವ ವಿಧಾನ ಬರೆದಿದ್ದ. ಆಲ್ಬರ್ಟ್ ಎಲ್ಲಿಸ್ ೧೯೫೦ರ ದಶಕದಲ್ಲಿ, ನಮ್ಮನ್ನು ಕೆರಳಿಸುವುದು ಘಟನೆಯಲ್ಲ, ಘಟನೆಗೆ ನಾವು ಕೊಡುವ ಅರ್ಥ ಎಂಬ ತಳಹದಿಯ ಮೇಲೆ ಚಿಕಿತ್ಸೆ ಆರಂಭಿಸಿದ್ದ. ಅದನ್ನು ತಾನು ಎಪಿಕ್ಟೀಟಸ್ ಮೊದಲಾದ ಹಳೆಯ ಸ್ಟೋಯಿಕ್ ತತ್ತ್ವಜ್ಞಾನಿಗಳಿಂದ ಕಲಿತೆನೆಂದು ಮುಚ್ಚುಮರೆಯಿಲ್ಲದೆ ಹೇಳಿದ. ಸೆನೆಕಾ ಅದೇ ಮತದವನು.

ನೊವಾಕೊ ಸಿಟ್ಟಿನ ತೊಂದರೆಯಿದ್ದ ೩೪ ಮಂದಿಯನ್ನು ನಾಲ್ಕು ಗುಂಪು ಮಾಡಿದ. ಒಂದಕ್ಕೆ ವಿಚಾರವನ್ನು ತಿದ್ದುವ ಶಿಕ್ಷಣ, ಒಂದಕ್ಕೆ ದೇಹ ಸಡಿಲಿಸುವ ಶಿಕ್ಷಣ, ಒಂದಕ್ಕೆ ಎರಡೂ. ಇನ್ನೊಂದಕ್ಕೆ ಇವೆರಡೂ ಇಲ್ಲ. ಎರಡನ್ನೂ ಪಡೆದವರೇ ಹೆಚ್ಚು ಸುಧಾರಿಸಿದರು. ಮುಂದೆ ಪೊಲೀಸಿನವರಿಗೂ ಈ ಶಿಕ್ಷಣ ಕೊಡುವ ಕ್ರಮವನ್ನು ಅವನು ರೂಪಿಸಿದ.

ಚಿಕಿತ್ಸೆಯಲ್ಲಿ ನಡೆಯುವುದೇನೆಂದರೆ, ಮೊದಲು ಒಂದು ನೋಟುಪುಸ್ತಕ. ಯಾವಾಗ, ಯಾರ ಮೇಲೆ, ಎಷ್ಟು ಸಿಟ್ಟು ಬಂತು, ಅದಕ್ಕೆ ಮುಂಚೆ ಮನಸ್ಸು ಏನೆಂದುಕೊಂಡಿತು, ಆಮೇಲೆ ಏನಾಯಿತು ಎಂದು ಬರೆದಿಡಬೇಕು. ಸೆನೆಕಾನ ರಾತ್ರಿಯ ವಿಚಾರಣೆ ಕಾಗದದ ಮೇಲೆ ಬಂದ ಹಾಗೆ. ಎರಡು ವಾರ ಬರೆದರೆ ಜಾಡು ಕಾಣುತ್ತದೆ. ಮಗ ಕಡಮೆ ಅಂಕ ತಂದಾಗ ತಂದೆಯ ತಲೆಯಲ್ಲಿ ಮೊದಲು ಹೊಳೆಯುವುದು ‘ಹುಡುಗನಿಗೆ ಭಾಗಾಕಾರ ಬರುವುದಿಲ್ಲ’ ಎಂದಲ್ಲ. ‘ನನ್ನ ಮಾತಿಗೆ ಈ ಮನೆಯಲ್ಲಿ ಬೆಲೆಯಿಲ್ಲ’ ಎಂದು. ಬೆಂಕಿ ಹತ್ತುವುದು ಆ ಎರಡನೆಯ ವಾಕ್ಯದಿಂದ. ಚಿಕಿತ್ಸಕ ಆ ವಾಕ್ಯವನ್ನು ಮೇಜಿನ ಮೇಲಿಟ್ಟು, ಇದಕ್ಕೆ ಸಾಕ್ಷ್ಯವೇನು, ಬೇರೆ ಅರ್ಥ ಸಾಧ್ಯವೆ ಎಂದು ಕೇಳುತ್ತಾನೆ. ಆಮೇಲೆ ಉಸಿರನ್ನು ನಿಧಾನವಾಗಿ ಬಿಡುವ, ಹೆಗಲು ಸಡಿಲಿಸುವ ಅಭ್ಯಾಸ. ಆಮೇಲೆ ಕೆರಳಿಸುವ ಪ್ರಸಂಗಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ, ಕಲ್ಪನೆಯಲ್ಲಿ, ಬಳಿಕ ನಾಟಕದಂತೆ ಆಡಿ, ಪ್ರತಿ ಮೆಟ್ಟಿಲಿನಲ್ಲಿಯೂ ತನಗೆ ತಾನು ಹೇಳಿಕೊಳ್ಳಬೇಕಾದ ಮಾತನ್ನು ರೂಢಿಸಿಕೊಳ್ಳುವುದು. ರೋಗ ಬರುವ ಮುನ್ನ ಚುಚ್ಚುಮದ್ದು ಹಾಕಿಸಿಕೊಂಡಂತೆ, ಸಿಟ್ಟಿಗೂ ಸಣ್ಣ ಪ್ರಮಾಣದಲ್ಲಿ ಮೈಯೊಡ್ಡಿ ತಡೆಯುವ ಶಕ್ತಿ ಗಳಿಸುವುದೇ ಇದರ ಮರ್ಮ.

ಫಲವೇನು? ೧೯೯೮ರಲ್ಲಿ ಇಂಥ ಚಿಕಿತ್ಸೆಗಳ ೫೦ ಅಧ್ಯಯನಗಳನ್ನು ತುಲನೆ ಮಾಡಿದಾಗ, ಚಿಕಿತ್ಸೆ ಪಡೆದ ಸಾಧಾರಣ ವ್ಯಕ್ತಿ ಪಡೆಯದವರ ಪೈಕಿ ನೂರಕ್ಕೆ ೭೬ ಮಂದಿಗಿಂತ ಉತ್ತಮ ಸ್ಥಿತಿಯಲ್ಲಿದ್ದುದು ಕಂಡುಬಂತು. ಪವಾಡವಲ್ಲ, ಆದರೆ ಕಡಮೆಯೂ ಅಲ್ಲ. ಸಿಟ್ಟನ್ನು ಬೇರುಸಹಿತ ಕಿತ್ತೊಗೆಯುವುದು ಈ ಚಿಕಿತ್ಸೆಯ ಗುರಿಯಲ್ಲವೆಂಬುದನ್ನೂ ಹೇಳಬೇಕು. ಸೆನೆಕಾ ಕೋಪ ಸರ್ವಥಾ ಕೂಡದೆಂದವನು; ಅವನಿಗಿಂತ ಹಿಂದಿನ ಅರಿಸ್ಟಾಟಲ್, ತಕ್ಕವರ ಮೇಲೆ, ತಕ್ಕ ಕಾಲದಲ್ಲಿ, ತಕ್ಕಷ್ಟು ಸಿಟ್ಟಾಗುವುದು ಸರಿಯೇ ಎಂದವನು. ಈ ವಿಷಯದಲ್ಲಿ ಇಂದಿನ ಚಿಕಿತ್ಸಕರು ಅರಿಸ್ಟಾಟಲನ ಕಡೆಯವರು. ಅನ್ಯಾಯ ಕಂಡಾಗ ಕೆರಳದ ಸಮಾಜ ಯಾರಿಗೂ ಬೇಡ.

ಆದರೆ ಒಂದು ಎಚ್ಚರಿಕೆಯ ಮಾತುಂಟು, ಇದನ್ನು ಗೃಹಿಣಿಯರು ಗಮನಿಸಬೇಕು. ಹೆಂಡತಿಯ ಮೇಲೆ ಕೈಮಾಡುವವನು ‘ಏನು ಮಾಡಲಿ, ಸಿಟ್ಟು ತಡೆಯಲಾಗದು’ ಎನ್ನುತ್ತಾನೆ. ಅದೇ ಮನುಷ್ಯ ಮೇಲಧಿಕಾರಿ ಬೈದಾಗ ಕೈಕಟ್ಟಿ ನಿಲ್ಲುತ್ತಾನೆ. ಅಲ್ಲಿ ತಡೆಯಲು ಬಂದದ್ದು ಇಲ್ಲೇಕೆ ಬರುವುದಿಲ್ಲ? ಅಮೆರಿಕದ ಮಿನೆಸೋಟಾ ಪ್ರಾಂತದ ಡುಲೂತ್ ಊರಿನಲ್ಲಿ ೧೯೮೧ರಲ್ಲಿ ಆರಂಭವಾದ ಕಾರ್ಯಕ್ರಮದವರು ಈ ಪ್ರಶ್ನೆಯನ್ನೇ ಎತ್ತಿದರು. ಅದು ಸಿಟ್ಟಿನ ರೋಗವಲ್ಲ, ಹೆಂಡತಿಯನ್ನು ಅಂಕೆಯಲ್ಲಿಡುವ ಉಪಾಯ ಎಂದರು. ಅವರ ಕ್ರಮಗಳ ಫಲದ ಬಗ್ಗೆ ಚರ್ಚೆಯಿದೆ. ಆ ಪ್ರಶ್ನೆ ಮಾತ್ರ ಸರಿಯೆಂದೇ ನನ್ನ ಅಭಿಪ್ರಾಯ. ಹೊಡೆತ ತಿನ್ನುವಾಕೆಗೆ ಮೊದಲು ಬೇಕಾದದ್ದು ರಕ್ಷಣೆ. ಗಂಡನ ಉಸಿರಾಟದ ಅಭ್ಯಾಸ ಆಮೇಲಿನ ಮಾತು.

ರೇಡಿಯೋ ಇಟ್ಟುಕೊಂಡಿರುವ ನಿಮಗೆ ಇನ್ನೊಂದು ಸಂಗತಿ ಹೇಳದೆ ಇರಲಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ೧೯೨೪ರಲ್ಲಿ ಆರಂಭವಾಯಿತು. ಲಂಡನ್ನಿನಲ್ಲಿ ಓದಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿ ಬೆಳೆಸಿದರು. ಅದೇ ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ಮೈಸೂರಿನ ತಮ್ಮ ಮನೆಯಿಂದಲೇ ಒಂದು ಪುಟ್ಟ ಪ್ರೇಷಕಯಂತ್ರದ ಮೂಲಕ ಬಾನುಲಿ ಪ್ರಸಾರ ಆರಂಭಿಸಿದರು. ಅದರ ಹೆಸರೇ ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನು ತಳೆಯಿತು. ನಮ್ಮ ಹಜಾರಗಳಲ್ಲಿ ಹಾಡಿ ಮಾತಾಡುವ ಈ ಪೆಟ್ಟಿಗೆಯನ್ನು ಕನ್ನಡನಾಡಿಗೆ ಮೊದಲು ಮಾತನಾಡಿಸಿದವರು ಮನಸ್ಸಿನ ಶಾಸ್ತ್ರದ ಮೇಷ್ಟರು!

ಮನಸ್ಸಿನ ಚಿಕಿತ್ಸೆಗೂ ಕನ್ನಡನಾಡು ದೂರವಾಗಿ ಉಳಿಯಲಿಲ್ಲ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು; ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮರುವರ್ಷದಿಂದ ಅಲ್ಲಿ ಮನಶ್ಶಾಸ್ತ್ರಜ್ಞರಿಗೆ ಚಿಕಿತ್ಸೆಯ ಶಿಕ್ಷಣ ಕೊಡತೊಡಗಿದರು. ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಕೂಡಿ ೧೯೭೪ರಲ್ಲಿ ಇಂದಿನ ನಿಮ್ಹಾನ್ಸ್ ಆಯಿತು. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೂ ನಿಮ್ಹಾನ್ಸೇ ಮುಖ್ಯ ಕೇಂದ್ರ. ೧೪೪೧೬ ಎಂಬ ಸಂಖ್ಯೆಗೆ ದುಡ್ಡಿಲ್ಲದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಹುಚ್ಚು ಹಿಡಿದವರಿಗಷ್ಟೇ ಇರುವ ಸಂಖ್ಯೆಯಲ್ಲ ಅದು. ಮಗಳ ಮೇಲೆ ಕೂಗಿ ಆಮೇಲೆ ನಿದ್ರೆ ಬಾರದೆ ಕುಳಿತ ತಂದೆಯೂ ಅಲ್ಲಿಗೆ ಕರೆಮಾಡಬಹುದು.